ಮದ, ತಾಪ, ಅಮಲು: ಸೈನಿಕನ ಕುಡಿತ ಮತ್ತು ಮನೋವ್ಯಥೆಯ ಚರಿತ್ರೆಯ ಕೆಲವು ಎಳೆಗಳು

1

ಯುದ್ಧದ ಚರಿತ್ರೆಯನ್ನು ಬರೆಯುವವರು ಆಯುಧಗಳ ಬಗೆಗೆ, ವ್ಯೂಹಗಳ ಬಗೆಗೆ, ಸಂಧಿ ವಿಗ್ರಹಗಳ ಬಗೆಗೆ ವಿಸ್ತಾರವಾಗಿ ಬರೆದಿದ್ದಾರೆ. ಕಾದಾಡಿದವನ ಮನಸ್ಸಿನ ಬಗೆಗೆ ಬರೆದದ್ದು ಕಡಮೆ. ಆ ಮನಸ್ಸನ್ನು ಯುದ್ಧಕ್ಕೆ ಹದಗೊಳಿಸಲು, ಯುದ್ಧದ ಅನಂತರ ಅದನ್ನು ಮರೆವಿಗೆ ಒಯ್ಯಲು ಎಲ್ಲ ಕಾಲಗಳಲ್ಲಿಯೂ ಬಳಕೆಯಾದ ಒಂದು ದ್ರವ್ಯವಿದೆ, ಅದು ಮದ್ಯ. ಸೈನಿಕನ ಕುಡಿತವನ್ನು ಒಂದು ಕಾಲ ಶೌರ್ಯವೆಂದು ಕರೆಯಿತು, ಇನ್ನೊಂದು ಕಾಲ ಅಪರಾಧವೆಂದಿತು, ಮತ್ತೊಂದು ಕಾಲ ಪಾಪವೆಂದಿತು, ನಮ್ಮ ಕಾಲ ರೋಗವೆನ್ನುತ್ತಿದೆ. ಹೆಸರು ಬದಲಾದಂತೆಲ್ಲ ಹೊಣೆ ಯಾರದು ಎಂಬ ಪ್ರಶ್ನೆಯ ಉತ್ತರವೂ ಬದಲಾಗಿದೆ. ಈ ಬದಲಾವಣೆಯ ಕೆಲವು ಘಟ್ಟಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರ್ಚೆಯ ಅನುಕೂಲಕ್ಕಾಗಿ ಇಲ್ಲಿ ಮೂರು ಶಬ್ದಗಳನ್ನು ಆರಿಸಿಕೊಳ್ಳಲಾಗಿದೆ: ಮದ, ತಾಪ ಮತ್ತು ಅಮಲು. ಮೂರೂ ಕನ್ನಡಿಗರ ನಿತ್ಯಬಳಕೆಯ ಶಬ್ದಗಳೇ. ಮೊದಲನೆಯದು ರಣರಂಗದ ಆನೆಗೂ ಕಲಿಗೂ ಸಮಾನವಾಗಿ ಸಲ್ಲುವ ಮಾತು. ಎರಡನೆಯದು ಮಹಾರಾಷ್ಟ್ರದ ಒಂದು ದಂಡಿನ ಊರಿನ ಮೂಲಕ ಇಂಗ್ಲಿಷ್ ಭಾಷೆಯನ್ನು ಹೊಕ್ಕು ಬುದ್ಧಿಭ್ರಮಣೆಯ ಹೆಸರಾದ ಮಾತು. ಮೂರನೆಯದು ಕುಡಿತದ ಮತ್ತಿಗೂ ಪ್ರಭುತ್ವದ ಅಧಿಕಾರಕ್ಕೂ ಒಂದೇ ಆಗಿರುವ ಮಾತು. ಈ ಮೂರು ಮಾತುಗಳ ನಡುವೆ ಸುಮಾರು ಹದಿಮೂರು ಶತಮಾನಗಳ ಕಥೆ ಹರಡಿಕೊಂಡಿದೆ.

2

ಕರ್ನಾಟಕದ ಸೈನಿಕರ ಕುಡಿತವನ್ನು ಕುರಿತ ಅತ್ಯಂತ ಸ್ಪಷ್ಟವಾದ ಪ್ರಾಚೀನ ಸಾಕ್ಷ್ಯ ದೊರೆಯುವುದು ಕನ್ನಡದಲ್ಲಲ್ಲ, ಚೀನೀ ಭಾಷೆಯಲ್ಲಿ. ಏಳನೆಯ ಶತಮಾನದ ನಡುಭಾಗದಲ್ಲಿ, ಸುಮಾರು ಕ್ರಿ.ಶ. 641ರಲ್ಲಿ, ಬೌದ್ಧಯಾತ್ರಿಕನಾದ ಹ್ಯುಯೆನ್‌ತ್ಸಾಂಗನು ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಹಾದುಹೋದನು. 646ರಲ್ಲಿ ಪೂರ್ಣಗೊಂಡ ಅವನ ಪ್ರವಾಸಗ್ರಂಥದಲ್ಲಿ ಈ ನಾಡಿನ ಜನರ ಸ್ವಾಭಿಮಾನ, ಉಪಕಾರಸ್ಮರಣೆ, ಸೇಡಿನ ಛಲಗಳನ್ನು ವರ್ಣಿಸಿದ ಬಳಿಕ ಎರಡು ಸಂಗತಿಗಳು ಬರುತ್ತವೆ. ರಾಜನ ಆಶ್ರಯದಲ್ಲಿ ನೂರಾರು ಮಂದಿ ಆಯ್ದ ವೀರರಿದ್ದರು. ಅವರು ಕಾಳಗಕ್ಕೆ ಹೊರಡುವ ಮುನ್ನ ಮದ್ಯವನ್ನು ಕುಡಿದು ಮತ್ತರಾಗುತ್ತಿದ್ದರು. ನೂರಾರು ಆನೆಗಳಿಗೂ ಕುಡಿಸಿ ಅವನ್ನು ಶತ್ರುಪಡೆಯ ಮೇಲೆ ನುಗ್ಗಿಸುತ್ತಿದ್ದರು ಎಂಬುದು ಒಂದು. ಸೋತು ಬಂದ ಸೇನಾನಾಯಕನಿಗೆ ದೇಹದಂಡನೆಯನ್ನು ವಿಧಿಸದೆ ಹೆಣ್ಣಿನ ಉಡುಗೆಯನ್ನು ಕೊಡುತ್ತಿದ್ದರು. ಆ ಅವಮಾನವನ್ನು ತಾಳಲಾರದೆ ಅವನು ತಾನಾಗಿಯೇ ಸಾವನ್ನು ಅರಸಿಕೊಳ್ಳುತ್ತಿದ್ದನು ಎಂಬುದು ಇನ್ನೊಂದು.

ಈ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ಹ್ಯುಯೆನ್‌ತ್ಸಾಂಗನು ಸುರಾಪಾನವರ್ಜನೆಯ ವ್ರತವನ್ನು ಹೊತ್ತ ಭಿಕ್ಷು, ಪರನಾಡಿನವನು, ಹರ್ಷವರ್ಧನನ ಆತಿಥ್ಯವನ್ನು ಪಡೆದವನು. ಆದರೂ ಇಲ್ಲಿಯ ಒಂದು ಅಂಶ ಗಮನಾರ್ಹವಾದುದು. ನಮ್ಮ ಇತಿಹಾಸಕಾರರು ಮೊದಲನೆಯ ಸಂಗತಿಯನ್ನು ಚಾಲುಕ್ಯರ ಪರಾಕ್ರಮದ ಪ್ರಸ್ತಾಪದಲ್ಲಿಯೂ ಎರಡನೆಯದನ್ನು ಅವರ ಮಾನಧನದ ಪ್ರಸ್ತಾಪದಲ್ಲಿಯೂ ಬಿಡಿಬಿಡಿಯಾಗಿ ಉಲ್ಲೇಖಿಸುವುದು ವಾಡಿಕೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ಬೇರೊಂದು ಚಿತ್ರ ಮೂಡುತ್ತದೆ. ರಣರಂಗಕ್ಕೆ ಹೋಗುವಾಗ ಭಯವನ್ನು ಕಳೆಯಲು ಮದ್ಯದ ನೆರವಿತ್ತು; ರಣರಂಗದಿಂದ ಮರಳುವಾಗ ಅವಮಾನವನ್ನು ಕಳೆಯಲು ಯಾವ ನೆರವೂ ಇರಲಿಲ್ಲ. ಮದ್ಯವನ್ನು ಕೊಟ್ಟ ಪ್ರಭುತ್ವವೇ ಸೋತವನಿಗೆ ಸೀರೆಯನ್ನೂ ಕೊಟ್ಟಿತು. ಸೈನಿಕನ ಮನಸ್ಸಿನೊಡನೆ ಪ್ರಭುತ್ವ ನಡೆಸಿದ ವ್ಯವಹಾರದ ಎರಡು ತುದಿಗಳು ಇಲ್ಲಿವೆ.

ಈ ವ್ಯವಹಾರ ಚಾಲುಕ್ಯರಿಂದ ಆರಂಭವಾದುದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ನಿರೂಪಿಸುವ ಒಂದು ಪ್ರಕರಣವಿದೆ. ದುರ್ಗ ಮತ್ತು ಜನಪದಗಳ ಜೊತೆಗೆ ಸ್ಕಂಧಾವಾರದಲ್ಲಿಯೂ, ಎಂದರೆ ಸೇನೆಯ ಬೀಡಿನಲ್ಲಿಯೂ, ಮದ್ಯದ ವ್ಯಾಪಾರವನ್ನು ವ್ಯವಸ್ಥೆಗೊಳಿಸುವುದು ಅವನ ಹೊಣೆ. ತಮಿಳಿನ ಪ್ರಾಚೀನ ಪುಱಂ ಕಾವ್ಯಪರಂಪರೆಯಲ್ಲಿ ತುರುಗಳನ್ನು ಗೆದ್ದು ತಂದ ವೀರರು ಕಳ್ಳು ಕುಡಿದು ನಲಿಯುವುದು ‘ಉಂಡಾಟ್ಟು’ ಎಂಬ ಪ್ರತ್ಯೇಕ ವಸ್ತುವಾಗಿಯೇ ಲಕ್ಷಣಗ್ರಂಥಗಳಲ್ಲಿ ಹೆಸರಿಸಲ್ಪಟ್ಟಿದೆ. ಅಂದರೆ ಸೈನಿಕನ ಪಾನವು ಒಂದೆಡೆ ರಾಜ್ಯದ ಆಡಳಿತದ ಭಾಗವಾಗಿ, ಇನ್ನೊಂದೆಡೆ ಕಾವ್ಯದ ಸಮಯವಾಗಿ ಬಹು ಹಿಂದೆಯೇ ನೆಲೆಗೊಂಡಿತ್ತು.

ಕನ್ನಡದ ನುಡಿಯೇ ಈ ನಂಟನ್ನು ಉಳಿಸಿಕೊಂಡಿದೆ. ‘ಮದ’ವೆಂದರೆ ಆನೆಯ ಕಪೋಲದಿಂದ ಸುರಿಯುವ ನೀರು, ಕುಡಿತದ ಮತ್ತು, ಅಹಂಕಾರ, ಇವೆಲ್ಲವೂ ಹೌದು. ಹಳಗನ್ನಡದ ‘ಸೊರ್ಕು’ ಮುಂದೆ ‘ಸೊಕ್ಕು’ ಆದಾಗಲೂ ಅಮಲು ಮತ್ತು ಗರ್ವ ಎಂಬ ಎರಡು ಅರ್ಥಗಳನ್ನೂ ಕೈಬಿಡಲಿಲ್ಲ. ಆನೆ, ಕಲಿ, ಕುಡುಕ, ಈ ಮೂವರನ್ನೂ ಒಂದೇ ಶಬ್ದದಲ್ಲಿ ಹಿಡಿದಿಡುವ ಭಾಷೆ ಮೂವರಿಗೂ ಸಮಾನವಾದ ಒಂದು ಸ್ಥಿತಿಯನ್ನು ಕಂಡುಕೊಂಡಿತ್ತು: ತನ್ನ ಅರಿವು ತನ್ನ ಕೈಯಲ್ಲಿಲ್ಲದ ಸ್ಥಿತಿ. ಹನ್ನೆರಡನೆಯ ಶತಮಾನದ ವಚನಕಾರರ ನಡುವೆ ಹೆಂಡ ಮಾರುವ ಕಾಯಕದ ಮಾರಯ್ಯನಿದ್ದನೆಂಬುದನ್ನೂ, ಹೆಂಡದ ಮತ್ತು ಅವನಲ್ಲಿ ಲೌಕಿಕ ಮೋಹದ ರೂಪಕವಾಯಿತೆಂಬುದನ್ನೂ ಇಲ್ಲಿ ನೆನೆಯಬಹುದು. ಮತ್ತನ್ನು ಹೊಗಳುವ ಪರಂಪರೆಯ ಪಕ್ಕದಲ್ಲಿಯೇ ಅದನ್ನು ಪ್ರಶ್ನಿಸುವ ಪರಂಪರೆಯೂ ನಮ್ಮಲ್ಲಿತ್ತು. ಆದರೆ ಅದು ರಣರಂಗದಿಂದ ಹೊರಗಿತ್ತು.

ಇನ್ನು ಶಾಸನಗಳ ಮಾತು. ಕರ್ನಾಟಕದ ಸಾವಿರಾರು ವೀರಗಲ್ಲುಗಳು ಸತ್ತವರ ಸ್ಮಾರಕಗಳು. ಕೆಳಗಿನ ಫಲಕದಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ದೇವಕನ್ನೆಯರು, ಮೇಲೆ ಸ್ವರ್ಗ ಅಥವಾ ಶಿವಸಾನ್ನಿಧ್ಯ. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ಬದುಕಿ ಬಂದ ವೀರನಿಗೂ ಮನ್ನಣೆಯಿತ್ತು: 949-50ರ ಆತಕೂರಿನ ಪ್ರಸಿದ್ಧ ಶಾಸನದಲ್ಲಿ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನಿಗೆ ಗಂಗ ಬೂತುಗನು ‘ಬಾಳ್ಗಚ್ಚು’ ಎಂದು ಭೂಮಿಯನ್ನು ಕೊಟ್ಟನು, ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ನಾಯಿಗೂ ಅಲ್ಲಿ ಕಲ್ಲು ನಿಂತಿತು. ಸತ್ತವನಿಗೆ ಕಲ್ಲು, ಗೆದ್ದವನಿಗೆ ಭೂಮಿ, ನಾಯಿಗೂ ಸ್ಮಾರಕ. ಆದರೆ ದೇಹ ಉಳಿದು ಮನಸ್ಸು ಮುರಿದು ಮನೆಗೆ ಬಂದವನಿಗೆ ಈ ಕೊಡುಗೆಗಳ ಪಟ್ಟಿಯಲ್ಲಿ ಹೆಸರಿಲ್ಲ. ಅವನನ್ನು ಕರೆಯಲು ಒಂದು ಶಬ್ದವನ್ನು ಕೂಡ ಶೌರ್ಯದ ಪರಿಭಾಷೆ ರೂಪಿಸಲಿಲ್ಲ. ಈ ಮೌನ ಮುಂದಿನ ಕಾಲಗಳಿಗೂ ಬಳುವಳಿಯಾಗಿ ಬಂದಿತು ಎಂದರೆ ತಪ್ಪಾಗಲಾರದು.

3

ವಸಾಹತು ಕಾಲದಲ್ಲಿ ಸೈನಿಕನ ಮದ್ಯವು ಅಳತೆಗೆ ಒಳಪಟ್ಟಿತು. 1655ರಲ್ಲಿ ಜಮೈಕಾ ದ್ವೀಪವನ್ನು ಗೆದ್ದ ಬಳಿಕ ಬ್ರಿಟಿಷ್ ನೌಕಾಪಡೆಯಲ್ಲಿ ರಮ್ ಬಳಕೆಗೆ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ನಾವಿಕನೊಬ್ಬನ ದಿನದ ಪಡಿ ಅರ್ಧ ಪೈಂಟು. ಕುಡಿತದ ಹಾವಳಿ ಮಿತಿಮೀರಿದಾಗ 1740ರಲ್ಲಿ ಅಡ್ಮಿರಲ್ ವರ್ನನ್ ಅದಕ್ಕೆ ನೀರು ಬೆರೆಸಿ ಎರಡು ಹೊತ್ತಿಗೆ ಹಂಚುವಂತೆ ಆಜ್ಞೆ ಹೊರಡಿಸಿದನು. ಅವನು ತೊಡುತ್ತಿದ್ದ ‘ಗ್ರೋಗ್ರಮ್’ ಬಟ್ಟೆಯ ಮೇಲಂಗಿಯಿಂದಾಗಿ ಆ ಮಿಶ್ರಣಕ್ಕೆ ‘ಗ್ರಾಗ್’ ಎಂಬ ಹೆಸರು ಬಂದಿತು. ಈ ಪಡಿಯನ್ನು ಹಂತಹಂತವಾಗಿ ಇಳಿಸುತ್ತ ಬಂದರೂ ಸಂಪೂರ್ಣವಾಗಿ ನಿಲ್ಲಿಸಿದ್ದು 1970ರ ಜುಲೈ 31ರಂದು. ಮುನ್ನೂರು ವರ್ಷಗಳಿಗೂ ಮಿಕ್ಕಿ ಒಂದು ಸರ್ಕಾರವು ತನ್ನ ಪಡೆಗೆ ಪ್ರತಿದಿನ ತಾನೇ ಮದ್ಯವನ್ನು ಅಳೆದು ಕೊಟ್ಟಿತು. ಅದೇ ಅವಧಿಯಲ್ಲಿ ಕುಡಿದು ತಪ್ಪಿದವನಿಗೆ ಚಾಟಿಯೇಟನ್ನೂ ಕೊಟ್ಟಿತು.

ಭಾರತದಲ್ಲಿದ್ದ ಐರೋಪ್ಯ ಸಿಪಾಯಿಗಳ ಸ್ಥಿತಿ ಇದಕ್ಕಿಂತ ಭಿನ್ನವಾಗಿರಲಿಲ್ಲ. ಕಂಪನಿಯ ಪಡೆಗಳಲ್ಲಿ ಅವರ ದಿನದ ಪಡಿಯೊಳಗೆ ಸಾರಾಯಿಯೂ ಸೇರಿತ್ತು. ‘ಅರಕ್’ ಎಂಬ ಶಬ್ದ ಅರಬ್ಬಿಯಲ್ಲಿ ಬೆವರು ಎಂಬ ಅರ್ಥದ್ದು. ಭಟ್ಟಿಯಲ್ಲಿ ಹನಿಹನಿಯಾಗಿ ಇಳಿಯುವುದರಿಂದ ಆ ಹೆಸರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ನೆಲೆನಿಂತ ಬ್ರಿಟಿಷ್ ಪಡೆ ಜ್ವರದ ಹಾವಳಿಗೆ ಸಿಕ್ಕಿ ನಲುಗಿತು. 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಬಂದಿತು. ಪೇಟೆ ಒಂದು ಕಡೆ, ದಂಡು ಮತ್ತೊಂದು ಕಡೆ ಎಂಬ ಬೆಂಗಳೂರಿನ ಇಬ್ಬಗೆಯ ಬದುಕು ಆರಂಭವಾದುದು ಆಗ. ಹೈದರಾಬಾದಿನ ಪಕ್ಕದ ಸಿಕಂದರಾಬಾದು, ಪುಣೆಯ ಪಕ್ಕದ ಖಡಕಿ, ಇಂದು ಹೊರನಾಡ ಕನ್ನಡಿಗರು ನೆಲಸಿರುವ ಇಂತಹ ಹಲವು ಸ್ಥಳಗಳು ಆ ದಂಡಿನ ಸರಪಣಿಯ ಕೊಂಡಿಗಳೇ ಆಗಿವೆ.

ಈ ದಂಡುಗಳೊಳಗಿನ ಬದುಕನ್ನು ಬಯಲಿಗೆ ತಂದದ್ದು ಭಾರತದ ಸೇನೆಯ ಆರೋಗ್ಯಸ್ಥಿತಿಯನ್ನು ಕುರಿತ ರಾಯಲ್ ಕಮಿಷನ್ನು. 1859ರಲ್ಲಿ ನೇಮಕಗೊಂಡು 1863ರಲ್ಲಿ ವರದಿ ನೀಡಿದ ಈ ಆಯೋಗದ ಪ್ರಕಾರ ಭಾರತದಲ್ಲಿ ಬ್ರಿಟಿಷ್ ಸಿಪಾಯಿಗಳ ವಾರ್ಷಿಕ ಮರಣ ಪ್ರಮಾಣ ಸಾವಿರಕ್ಕೆ 69. ಇವರಲ್ಲಿ ಬಹುಪಾಲು ಮಂದಿ ಸತ್ತದ್ದು ಗುಂಡಿನಿಂದಲ್ಲ, ರೋಗಗಳಿಂದ. ಆಯೋಗಕ್ಕೆ ಬಂದ ಉತ್ತರಗಳ ರಾಶಿಯನ್ನು ಪರಿಶೀಲಿಸಿ ಟಿಪ್ಪಣಿ ಬರೆದ ಫ್ಲಾರೆನ್ಸ್ ನೈಟಿಂಗೇಲ್ ಕೊಳಕು ನೀರು, ಕೆಟ್ಟ ಚರಂಡಿಗಳ ಜೊತೆಗೆ ಮತ್ತೊಂದು ಕಾರಣವನ್ನು ಗುರುತಿಸಿದಳು: ಕೆಲಸವಿಲ್ಲದಿರುವಿಕೆ. ಬಿಸಿಲಿನ ತಿಂಗಳುಗಳಲ್ಲಿ ಸಿಪಾಯಿಯನ್ನು ಹಗಲೆಲ್ಲ ಬ್ಯಾರಕ್ಕಿನೊಳಗೆ ಕೂಡಿಹಾಕಲಾಗುತ್ತಿತ್ತು. ಓದಲು ಪುಸ್ತಕವಿಲ್ಲ, ಕಲಿಯಲು ಕಸಬಿಲ್ಲ, ಹೋಗಲು ಜಾಗವಿಲ್ಲ. ಇದ್ದದ್ದು ಹಾಸಿಗೆ ಮತ್ತು ಕ್ಯಾಂಟೀನು. ಕುಡಿತವನ್ನು ಶೀಲದ ದೋಷವೆಂದು ಬಗೆಯುತ್ತಿದ್ದ ಕಾಲದಲ್ಲಿ ಅದನ್ನು ಬದುಕಿನ ವ್ಯವಸ್ಥೆಯ ಫಲವೆಂದು ಅಂಕಿ ಅಂಶಗಳೊಡನೆ ತೋರಿಸಿದ್ದು ನೈಟಿಂಗೇಲಳ ವಿಶೇಷತೆ.

ಇದೇ ಕಾಲದಲ್ಲಿ ಧಾರ್ಮಿಕ ಪರಿಹಾರವೊಂದು ಕೂಡ ಹುಟ್ಟಿತು. ಬ್ಯಾಪ್ಟಿಸ್ಟ್ ಮಿಷನರಿ ಗೆಲ್ಸನ್ ಗ್ರೆಗ್ಸನ್ 1862ರಲ್ಲಿ ಆಗ್ರಾದಲ್ಲಿ ಸಿಪಾಯಿಗಳ ಪಾನನಿರೋಧ ಸಂಘವನ್ನು ಸ್ಥಾಪಿಸಿದನು. ಸೇನಾಧಿಪತಿ ರಾಬರ್ಟ್ಸ್ 1888ರಲ್ಲಿ ಇಂತಹ ಸಂಘಗಳನ್ನು ಒಂದುಗೂಡಿಸಿ ಸೈನ್ಯದ ಪಾನಸಂಯಮ ಸಂಘವನ್ನು ಕಟ್ಟಿದನು. ಪ್ರತಿಜ್ಞೆ ಪಾಲಿಸಿದವರಿಗೆ ಪದಕ, ಚಹಾ ಮತ್ತು ಓದುವ ಕೋಣೆಯ ಸೌಕರ್ಯ ದೊರೆತವು. ಇದರಿಂದ ಪ್ರಯೋಜನವಾಗಲಿಲ್ಲವೆಂದು ಹೇಳುವಂತಿಲ್ಲ. ಆದರೆ ಪ್ರತಿಜ್ಞೆಯ ಭಾಷೆ ಹೊಣೆಯನ್ನು ವ್ಯಕ್ತಿಯ ಸಂಕಲ್ಪದ ಮೇಲೆ ಹೊರಿಸಿತು. ಅಳೆದು ಕೊಟ್ಟವರ ಹೊಣೆ ಅಲ್ಲಿ ಪ್ರಶ್ನೆಯಾಗಲಿಲ್ಲ.

4

ಮುಂಬಯಿಯಿಂದ ನಾಸಿಕದ ಕಡೆಗೆ ಹೋಗುವ ರೈಲುದಾರಿಯಲ್ಲಿ ದೇವಳಾಲಿ ಎಂಬ ನಿಲ್ದಾಣವಿದೆ. ಇಂದು ಅದು ಫಿರಂಗಿದಳದ ಶಾಲೆಯಿಂದಾಗಿ ಪರಿಚಿತ. 1861ರಿಂದ ಅಲ್ಲಿ ಬ್ರಿಟಿಷ್ ಪಡೆಗಳ ತಂಗುಬೀಡು ಇತ್ತು. ಹಡಗಿನಿಂದ ಇಳಿದ ಹೊಸ ಸಿಪಾಯಿ ತನ್ನ ದಳವನ್ನು ಸೇರುವ ಮೊದಲು, ಸೇವಾವಧಿ ಮುಗಿದ ಹಳೆಯ ಸಿಪಾಯಿ ತಾಯ್ನಾಡಿನ ಹಡಗನ್ನು ಏರುವ ಮೊದಲು ಅಲ್ಲಿ ತಂಗುತ್ತಿದ್ದರು. ಸೈನಿಕರನ್ನು ಸಾಗಿಸುವ ಹಡಗುಗಳು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಸಂಚರಿಸುತ್ತಿದ್ದುದರಿಂದ ಹಂಗಾಮು ಮುಗಿದ ಮೇಲೆ ಬಂದವನು ಮುಂದಿನ ಹಂಗಾಮಿನವರೆಗೆ ಕಾಯಬೇಕಾಗಿತ್ತು. 1902ರಿಂದ 1909ರವರೆಗೆ ಭಾರತ ಮತ್ತು ಬರ್ಮಾಗಳಲ್ಲಿ ಸಿಪಾಯಿಯಾಗಿದ್ದ ಫ್ರಾಂಕ್ ರಿಚರ್ಡ್ಸ್ ತನ್ನ 1936ರ ನೆನಪಿನ ಪುಸ್ತಕದಲ್ಲಿ ಈ ಕಾಯುವಿಕೆಯನ್ನು ಚಿತ್ರಿಸಿದ್ದಾನೆ. ವರ್ಷಗಟ್ಟಲೆ ಒಂದು ಕಪ್ಪುಚುಕ್ಕೆಯೂ ಇಲ್ಲದೆ ಸೇವೆ ಸಲ್ಲಿಸಿದವರು ಅಲ್ಲಿ ಕೆಲಸವಿಲ್ಲದೆ, ಬಿಸಿಲಿನಲ್ಲಿ, ಕುಡಿತದ ನಡುವೆ ಹದಗೆಟ್ಟು ಅಪರಾಧಗಳಿಗೆ ಸಿಲುಕಿ ಸೆರೆಮನೆಯನ್ನು ಸೇರುತ್ತಿದ್ದುದನ್ನು ಅವನು ಹೇಳುತ್ತಾನೆ.

ಈ ಊರಿನ ಹೆಸರಿನಿಂದಲೇ ‘ಡೂಲ್ಯಾಲಿ ಟ್ಯಾಪ್’ ಎಂಬ ಸಿಪಾಯಿಗಳ ಆಡುಮಾತು ಹುಟ್ಟಿತು. ಇದರ ಎರಡನೆಯ ಪದ ಜ್ವರವೆಂಬ ಅರ್ಥದ ಮರಾಠಿಯ ‘ತಾಪ’, ಉರ್ದುವಿನ ‘ತಪ್’ ಎಂಬವುಗಳ ರೂಪ. ನಮ್ಮ ‘ತಾಪ’, ‘ಮನಸ್ತಾಪ’, ‘ಪರಿತಾಪ’ಗಳ ಬಳಗಕ್ಕೇ ಸೇರಿದ್ದು. ದೇವಳಾಲಿಯ ತಾಪವೆಂದರೆ ಕಾದು ಕಾದು ಬುದ್ಧಿ ಕೆಡುವ ಬೇನೆ. ಮೊದಲ ಪದ ಮಾತ್ರ ಉಳಿದು ಇಂದಿಗೂ ಇಂಗ್ಲಿಷಿನಲ್ಲಿ ತಲೆಕೆಟ್ಟವನೆಂಬ ಅರ್ಥದಲ್ಲಿ ಬಳಕೆಯಾಗುತ್ತಿದೆ. ವೈದ್ಯಶಾಸ್ತ್ರ ಹೆಸರಿಡುವ ಮೊದಲೇ ಸಾಮಾನ್ಯ ಸಿಪಾಯಿಗಳು ತಮ್ಮ ವ್ಯಥೆಗೆ ತಾವೇ ಹೆಸರಿಟ್ಟುಕೊಂಡರು. ಅದಕ್ಕೆ ಬೇಕಾದ ಶಬ್ದವನ್ನು ಈ ನೆಲದ ಭಾಷೆಗಳಿಂದ ಪಡೆದರು. ರೋಗದ ಕಾರಣವನ್ನೂ ಅವರು ಸರಿಯಾಗಿಯೇ ಗುರುತಿಸಿದರು. ಯುದ್ಧ ಅವರನ್ನು ಕೆಡಿಸಿರಲಿಲ್ಲ. ಯುದ್ಧವೂ ಮನೆಯೂ ಇಲ್ಲದ ನಡುಗಾಲ ಕೆಡಿಸಿತ್ತು.

ಹೀಗೆ ಬುದ್ಧಿ ಕೆಟ್ಟವರಿಗೆ ಸಂಸ್ಥೆಗಳು ಇದ್ದವು. ಕಂಪನಿಯ ಸೇವೆಯಲ್ಲಿ ಹುಚ್ಚುಹಿಡಿದ ಐರೋಪ್ಯರನ್ನು 1818ರಿಂದ ಲಂಡನ್ನಿನ ಹ್ಯಾಕ್ನಿಯ ಪೆಂಬ್ರೋಕ್ ಹೌಸಿಗೂ, 1870ರಿಂದ 1892ರವರೆಗೆ ಈಲಿಂಗಿನ ರಾಯಲ್ ಇಂಡಿಯಾ ಅಸೈಲಮ್ಮಿಗೂ ಸಾಗಿಸಲಾಗುತ್ತಿತ್ತು. ಆಳುವ ಜನಾಂಗದವನೊಬ್ಬ ಆಳಿಸಿಕೊಳ್ಳುವವರ ಕಣ್ಣೆದುರು ಬುದ್ಧಿಗೆಟ್ಟು ತಿರುಗುವುದು ಪ್ರತಿಷ್ಠೆಗೆ ಕುಂದು ಎಂಬ ಭಾವನೆಯೂ ಈ ಸಾಗಾಟದ ಹಿಂದೆ ಕೆಲಸ ಮಾಡಿತ್ತು. ಬೆಂಗಳೂರಿನಲ್ಲಿ 1847-48ರ ಸುಮಾರಿಗೆ ವೈದ್ಯ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಹುಚ್ಚಾಸ್ಪತ್ರೆಯೊಂದನ್ನು ಆರಂಭಿಸಿದನು. ಅದೇ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಎಂಬ ಗೌರವದ ಹೆಸರನ್ನು ಪಡೆಯಿತು; ಅದರ ಜೊತೆಗೆ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಒಂದುಗೂಡಿ ಇಂದಿನ ನಿಮ್ಹಾನ್ಸ್ ಆಯಿತು. ‘ಹುಚ್ಚಾಸ್ಪತ್ರೆ’ಯಿಂದ ‘ಮಾನಸಿಕ ಆರೋಗ್ಯ’ದವರೆಗಿನ ಈ ಹೆಸರುಗಳ ಪಯಣವೇ ಒಂದು ಸಾಮಾಜಿಕ ಚರಿತ್ರೆ.

ಆ ಕಾಲದ ಆಸ್ಪತ್ರೆಗಳ ದಾಖಲೆಯಲ್ಲಿ ‘ಕಾರಣ’ ಎಂಬ ಒಂದು ಅಂಕಣವಿರುತ್ತಿತ್ತು. ಭಾರತೀಯ ರೋಗಿಗಳ ಎದುರಿಗೆ ಅಲ್ಲಿ ಮತ್ತೆ ಮತ್ತೆ ಗಾಂಜಾ ಎಂದು ಬರೆಯಲಾಗುತ್ತಿತ್ತು. 1893-94ರ ಗಾಂಜಾ ಆಯೋಗವು ಈ ನಮೂದುಗಳನ್ನು ಪರಿಶೀಲಿಸಿ, ಅವು ಬಹುಮಟ್ಟಿಗೆ ರೋಗಿಯನ್ನು ಕರೆತಂದ ಪೊಲೀಸರ ಹೇಳಿಕೆಯನ್ನು ಅವಲಂಬಿಸಿದ್ದವೆಂದೂ ನಂಬಲರ್ಹವಲ್ಲವೆಂದೂ ನಿರ್ಣಯಿಸಿತು. ಅಮಲಿನ ಪದಾರ್ಥವೊಂದನ್ನು ಕಾರಣವೆಂದು ಬರೆದೊಡನೆ ಇತರ ಕಾರಣಗಳನ್ನು ಹುಡುಕುವ ಹೊಣೆ ತೀರುತ್ತದೆ ಎಂಬುದು ಈ ಪ್ರಸಂಗದ ಪಾಠ. ಕುಡಿತದಿಂದ ಮನಸ್ಸು ಕೆಟ್ಟಿತೋ, ಕೆಟ್ಟ ಮನಸ್ಸು ಕುಡಿತವನ್ನು ಹಿಡಿಯಿತೋ ಎಂಬ ಪ್ರಶ್ನೆಗೆ ಒಂದೇ ಅಂಕಣದಲ್ಲಿ ಉತ್ತರ ಬರೆಯಲಾಗದು.

5

1914ರಿಂದ 1918ರವರೆಗಿನ ಮಹಾಯುದ್ಧ ಈ ಪ್ರಶ್ನೆಯನ್ನು ಲಕ್ಷಾಂತರ ಮಂದಿಯ ಪ್ರಶ್ನೆಯನ್ನಾಗಿ ಮಾಡಿತು. ಪಶ್ಚಿಮ ರಣರಂಗದ ಕಂದಕಗಳಿಗೆ ರಮ್ ಒಂದು ಗ್ಯಾಲನ್ನಿನ ಕಲ್ಲುಜಾಡಿಗಳಲ್ಲಿ ಬರುತ್ತಿತ್ತು. ಒಂದು ಜಾಡಿ 64 ಮಂದಿಗೆ. ತಲೆಗೆ ಸುಮಾರು 70 ಮಿಲಿಲೀಟರ್. ಬೆಳಗಿನ ಜಾವದ ಕಾವಲಿನ ಹೊತ್ತಿನಲ್ಲಿ, ಚಳಿಯಲ್ಲಿ, ದಾಳಿಗೆ ಏರುವ ಮುನ್ನ ಅದನ್ನು ಹಂಚುತ್ತಿದ್ದರು. ಪುಲಕೇಶಿಯ ವೀರರಿಗೂ ಈ ಕಂದಕದ ಸಿಪಾಯಿಗೂ ನಡುವೆ ಸುಮಾರು 1,275 ವರ್ಷಗಳ ಅಂತರವಿದೆ. ವಿಧಿ ಮಾತ್ರ ಒಂದೇ.

ಅದೇ ಕಂದಕಗಳಿಂದ ಮಾತು ಕಳೆದುಕೊಂಡವರು, ನಡುಗುವವರು, ನಿದ್ದೆಗೆಟ್ಟವರು ಬರಲಾರಂಭಿಸಿದರು. 1915ರ ಫೆಬ್ರುವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಲೇಖನದಲ್ಲಿ ಇದನ್ನು ‘ಷೆಲ್ ಷಾಕ್’ ಎಂಬ ಹೆಸರಿನಿಂದ ಚರ್ಚಿಸಿದನು. ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ರಿವರ್ಸ್ ಎಂಬ ವೈದ್ಯನು ರೋಗಿಯನ್ನು ಮಾತಾಡಗೊಡುವುದೇ ಚಿಕಿತ್ಸೆಯೆಂದು ತಿಳಿದು ನಡೆದನು. ಕವಿ ಸಸೂನ್ ಅವನ ರೋಗಿಗಳಲ್ಲಿ ಒಬ್ಬ. ಆದರೆ ಈ ಸೌಕರ್ಯ ಅಧಿಕಾರಿಗಳಿಗೆ ಸಲ್ಲುತ್ತಿತ್ತು. ಪಲಾಯನ, ಹೇಡಿತನ ಮೊದಲಾದ ಆರೋಪಗಳ ಮೇಲೆ ತಮ್ಮವರ ಗುಂಡಿಗೇ ಬಲಿಯಾದ ಬ್ರಿಟಿಷ್ ಸಾಮ್ರಾಜ್ಯದ 306 ಸೈನಿಕರಿಗೆ ಮರಣೋತ್ತರ ಕ್ಷಮೆ ದೊರೆತದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಮಂದಿಯ ಹೇಡಿತನ ವಾಸ್ತವವಾಗಿ ರೋಗವಾಗಿತ್ತೆಂಬುದನ್ನು ಒಪ್ಪಲು ಒಂಬತ್ತು ದಶಕಗಳು ಬೇಕಾದವು.

ಷೆಲ್ ಷಾಕನ್ನು ವಿಚಾರಿಸಲು ನೇಮಕಗೊಂಡ ಸೌತ್‌ಬರೋ ಸಮಿತಿಯ ವರದಿ 1922ರಲ್ಲಿ ಹೊರಬಂದಿತು. ಆ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಸೇನಾವೈದ್ಯನೊಬ್ಬ ರಮ್ಮಿನ ಪಡಿ ಇಲ್ಲದಿದ್ದರೆ ಯುದ್ಧವನ್ನು ಗೆಲ್ಲುತ್ತಿದ್ದೆವೆಂದು ತನಗೆ ತೋರದು ಎಂಬರ್ಥದ ಮಾತನ್ನು ಆಡಿದನು. ಈ ಮಾತನ್ನು ರಮ್ಮಿನ ಹೊಗಳಿಕೆಯೆಂದು ಉದ್ಧರಿಸುವುದುಂಟು. ಮನಸ್ಸು ಮುರಿದವರ ವಿಚಾರಣೆಯ ನಡುವೆ ಅದು ಹೊರಟಿತೆಂಬುದನ್ನು ಮರೆಯಬಾರದು. ಮನುಷ್ಯನ ಮನಸ್ಸು ಎಚ್ಚರದಲ್ಲಿದ್ದು ಸಹಿಸಲಾರದುದನ್ನು ಅವನಿಂದ ನಿರೀಕ್ಷಿಸಲಾಗಿತ್ತು ಎಂಬುದಕ್ಕೆ ಅದು ವೈದ್ಯನೊಬ್ಬನ ಸಾಕ್ಷಿ.

1914-15ರಲ್ಲಿ ಫ್ರಾನ್ಸಿನಲ್ಲಿ ಕಾದಾಡಿದ ಭಾರತೀಯ ಸಿಪಾಯಿಗಳ ವಿಷಯವನ್ನು ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅವರು ಊರಿಗೆ ಬರೆದ ಪತ್ರಗಳನ್ನು ಸೇನೆಯ ಸೆನ್ಸಾರ್ ಅಧಿಕಾರಿಗಳು ಅನುವಾದಿಸಿ ಓದುತ್ತಿದ್ದರು. ಅದನ್ನು ತಿಳಿದಿದ್ದ ಸಿಪಾಯಿಗಳು ಸಂಕೇತಗಳಲ್ಲಿ ಬರೆಯುತ್ತಿದ್ದರು: ಕರಿಮೆಣಸು ಎಂದರೆ ಭಾರತೀಯರು, ಕೆಂಪುಮೆಣಸು ಎಂದರೆ ಬಿಳಿಯರು. 1915ರ ಆರಂಭದಲ್ಲಿ ಸೆನ್ಸಾರ್ ಮುಖ್ಯಸ್ಥನಾದ ಹೋವೆಲ್ ತನ್ನ ವರದಿಯಲ್ಲಿ ಸಿಪಾಯಿಗಳು ಪತ್ರಗಳಲ್ಲಿ ಕವಿತೆಗೆ ತೊಡಗುತ್ತಿರುವುದನ್ನು ಗುರುತಿಸಿ, ಅದನ್ನು ಮಾನಸಿಕ ಕ್ಷೋಭೆಯ ಅಶುಭ ಸೂಚನೆಯೆಂದು ಬಗೆದನು. ಗದ್ಯದಲ್ಲಿ ಹೇಳಲಾರದುದು ಪದ್ಯವಾಗಿ ಹೊರಬರುತ್ತಿದ್ದುದನ್ನು ಅವನು ಸರಿಯಾಗಿಯೇ ಕಂಡನು. ಆದರೆ ಅವನಿಗೆ ಬೇಕಾದದ್ದು ಪಡೆಯ ನಿಷ್ಠೆಯ ಅಂದಾಜು. ಐರೋಪ್ಯ ಅಧಿಕಾರಿಯ ಕವಿತೆ ಚಿಕಿತ್ಸೆಯ ಭಾಗವಾದರೆ ಪಂಜಾಬಿನ, ಗಢವಾಲದ ಸಿಪಾಯಿಯ ಕವಿತೆ ಗುಪ್ತಚರ ವರದಿಯ ಭಾಗವಾಯಿತು.

6

ಮೂರನೆಯ ಶಬ್ದ ‘ಅಮಲು’. ಅರಬ್ಬಿಯ ‘ಅಮಲ್’ ಎಂದರೆ ಕಾರ್ಯ, ಆಚರಣೆ. ಕನ್ನಡದಲ್ಲಿ ಅದು ಎರಡು ಕವಲೊಡೆಯಿತು. ಒಂದು ಕವಲು ಅಧಿಕಾರ: ಅಮಲ್ದಾರ, ಕಾಯಿದೆ ಅಮಲಿಗೆ ಬರುವುದು. ಇನ್ನೊಂದು ಕವಲು ಕುಡಿತದ ಮತ್ತು. ಸ್ವತಂತ್ರ ಭಾರತದ ಆರಂಭದ ವರ್ಷಗಳಲ್ಲಿ ಈ ಎರಡು ಅಮಲುಗಳು ಮುಖಾಮುಖಿಯಾದವು.

ಸೈನಿಕರಿಗೆ ಸಾಮಾನು ಸರಂಜಾಮುಗಳೊಡನೆ ಮದ್ಯವನ್ನೂ ಪೂರೈಸುವ ಕ್ಯಾಂಟೀನ್ ಸ್ಟೋರ್ಸ್ ಇಲಾಖೆ 1948ರಲ್ಲಿ ರೂಪುಗೊಂಡಿತು. ಅದರ ಮುಖ್ಯ ಕಚೇರಿ ಮುಂಬಯಿಯಲ್ಲಿದೆ. 1949ರಲ್ಲಿ ಅದೇ ಮುಂಬಯಿ ಪ್ರಾಂತದ ಶಾಸನಸಭೆ ಪಾನನಿಷೇಧ ಕಾಯಿದೆಯನ್ನು ಮಾಡಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 47ನೆಯ ವಿಧಿ ಪಾನನಿಷೇಧವನ್ನು ರಾಜ್ಯದ ಧ್ಯೇಯಗಳಲ್ಲೊಂದಾಗಿ ಸಾರಿತು. ಅದೇ ವರ್ಷದ ಸೇನಾ ಕಾಯಿದೆಯ 48ನೆಯ ಪ್ರಕರಣ ಕುಡಿದು ಮತ್ತನಾಗಿರುವುದನ್ನು, ಕರ್ತವ್ಯದ ಮೇಲಿರಲಿ ಇಲ್ಲದಿರಲಿ, ಶಿಕ್ಷಾರ್ಹ ಅಪರಾಧವೆಂದು ಘೋಷಿಸಿತು. ಮುಂಬಯಿಯ ಪಾನನಿಷೇಧ ಕಾಯಿದೆ ಸೇನೆಯ ಮೆಸ್ಸು ಮತ್ತು ಕ್ಯಾಂಟೀನುಗಳಿಗೆ ವಿನಾಯಿತಿಗೆ ಎಡೆಗೊಟ್ಟಿತ್ತು. ಎಫ್. ಎನ್. ಬಲ್ಸಾರಾ ಎಂಬವರು ಕಾಯಿದೆಯನ್ನು ಪ್ರಶ್ನಿಸಿದಾಗ ಮುಂಬಯಿಯ ಉಚ್ಚ ನ್ಯಾಯಾಲಯ ಈ ವಿನಾಯಿತಿಯನ್ನು ಸಮಾನತೆಗೆ ವಿರುದ್ಧವೆಂದು ಕಂಡಿತು. 1951ರ ಮೇ 25ರಂದು ಸರ್ವೋಚ್ಚ ನ್ಯಾಯಾಲಯ ಆ ಭಾಗವನ್ನು ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಸಶಸ್ತ್ರ ಪಡೆಗಳಿಗೆ ತಮ್ಮದೇ ಸಂಪ್ರದಾಯ ಮತ್ತು ಜೀವನಕ್ರಮಗಳಿವೆ, ಅಪಾಯವನ್ನು ಎದುರಿಸುವ ಧೈರ್ಯವನ್ನು ಕಾಪಾಡುವುದಕ್ಕಾಗಿ ದೀರ್ಘ ಅನುಭವದಿಂದ ರೂಪುಗೊಂಡ ನಿಯಮಗಳಿವೆ ಎಂಬುದು ಅದರ ತರ್ಕದ ಸಾರ.

ನ್ಯಾಯದ ದೃಷ್ಟಿಯಿಂದ ಈ ತೀರ್ಪಿನಲ್ಲಿ ದೋಷ ಹುಡುಕಬೇಕಾಗಿಲ್ಲ. ಚರಿತ್ರೆಯ ದೃಷ್ಟಿಯಿಂದ ಮಾತ್ರ ಒಂದು ಪ್ರಶ್ನೆ ಏಳುತ್ತದೆ. ಆ ‘ಸಂಪ್ರದಾಯ’ ಯಾರದು? ಅದರ ದೊಡ್ಡ ಪಾಲು ನಾವು ಮೇಲೆ ನೋಡಿದ ಪಡಿಯ, ಬ್ಯಾರಕ್ಕಿನ, ಕ್ಯಾಂಟೀನಿನ ಪರಂಪರೆಯೇ ಆಗಿದೆ. ವಸಾಹತಿನ ಸೇನೆಯು ತನ್ನ ಸಿಪಾಯಿಗಳನ್ನು ಹದ್ದಿನಲ್ಲಿಡಲು ಕಂಡುಕೊಂಡ ಉಪಾಯವೊಂದು ಸ್ವತಂತ್ರ ದೇಶದ ಸೇನೆಯ ಗೌರವದ ಲಕ್ಷಣವಾಗಿ ಮುಂದುವರಿಯಿತು. ನಾಗರಿಕನಿಗೆ ಹಾನಿಕರವೆಂದು ನಿಷೇಧಿಸಿದ ವಸ್ತುವೇ ಸೈನಿಕನಿಗೆ ರಿಯಾಯಿತಿ ದರದಲ್ಲಿ ದೊರೆಯಿತು. ಮಿತಿ ತಪ್ಪಿದರೆ 48ನೆಯ ಪ್ರಕರಣವಿತ್ತು. ಮದ್ಯವನ್ನೂ ಶಿಕ್ಷೆಯನ್ನೂ ಒಂದೇ ಕೈ ಕೊಡುವ ಹಳೆಯ ಪದ್ಧತಿಯ ಹೊಸ ರೂಪ ಇದು. ನಿವೃತ್ತನಾದ ಸೈನಿಕನಿಗೂ ತಿಂಗಳ ಕೋಟಾ ಮುಂದುವರಿಯುವುದರಿಂದ ಆ ಸಂಪ್ರದಾಯ ಅವನ ಮನೆಯವರೆಗೂ ಬಂದಿದೆ. ‘ಮಿಲಿಟರಿ ರಮ್ಮು’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಗೌರವದ್ದೇ.

ಯುದ್ಧದಿಂದ ಬರುವ ಮನೋವ್ಯಥೆಗೆ 1980ರಲ್ಲಿ ವೈದ್ಯಕೀಯ ಮಾನ್ಯತೆ ದೊರೆಯಿತು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಒತ್ತಾಯದ ಫಲವಾಗಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗವರ್ಗೀಕರಣದಲ್ಲಿ ಆಘಾತೋತ್ತರ ಒತ್ತಡದ ಬೇನೆಯನ್ನು ಸೇರಿಸಿತು. ಇರಾಕ್ ಮತ್ತು ಆಫ್ಘಾನಿಸ್ತಾನಗಳಿಗೆ ಹೋದ ಬ್ರಿಟಿಷ್ ಪಡೆಗಳನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. 2007ರಲ್ಲಿ ಪ್ರಕಟವಾದ ಅವರ ವರದಿಯಂತೆ ಅಪಾಯಕರ ಮಟ್ಟದ ಕುಡಿತ ಸೇನೆಯ ಪುರುಷರಲ್ಲಿ ಶೇಕಡ 67, ಮಹಿಳೆಯರಲ್ಲಿ ಶೇಕಡ 49. ಸಾಮಾನ್ಯ ಜನರಲ್ಲಿ ಇವು ಕ್ರಮವಾಗಿ 38 ಮತ್ತು 16. 2010ರಲ್ಲಿ 9,990 ಮಂದಿಯ ಸಮೀಕ್ಷೆಯಲ್ಲಿ ಆಘಾತೋತ್ತರ ಬೇನೆಯ ಸಂಭವ ಶೇಕಡ 4, ಮದ್ಯದ ದುರ್ಬಳಕೆ ಶೇಕಡ 13, ಖಿನ್ನತೆ ಆತಂಕಗಳಂತಹ ಸಾಮಾನ್ಯ ಬೇನೆಗಳು ಸುಮಾರು ಶೇಕಡ 20. 2018ರ ವರದಿಯಲ್ಲಿ ಮದ್ಯದ ದುರ್ಬಳಕೆ ಶೇಕಡ 10ಕ್ಕೆ ಇಳಿದು ಆಘಾತೋತ್ತರ ಬೇನೆ ಶೇಕಡ 6ಕ್ಕೆ ಏರಿತ್ತು. ಕಾದಾಟದ ಪಾತ್ರದಲ್ಲಿದ್ದು ಸೇನೆಯನ್ನು ಬಿಟ್ಟವರಲ್ಲಿ ಅದು ಶೇಕಡ 17. ಸೇನೆಯೊಳಗಿದ್ದಾಗ ಕುಡಿತವಾಗಿ ಕಾಣುವ ವ್ಯಥೆ ಸೇನೆಯನ್ನು ಬಿಟ್ಟ ಮೇಲೆ ತನ್ನ ನಿಜವಾದ ಹೆಸರಿನಿಂದ ಕಾಣಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಈ ಅಂಕಿಗಳು ಎಡೆಗೊಡುತ್ತವೆ. ದೇವಳಾಲಿಯ ನಡುಗಾಲ ಇನ್ನೊಂದು ರೂಪದಲ್ಲಿ ಇಂದಿಗೂ ಇದೆ.

7

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳನ್ನು ತಲಪಬಹುದು. ಮೊದಲನೆಯದಾಗಿ, ಸೈನಿಕನ ಕುಡಿತವು ಬಹುಕಾಲದಿಂದ ಪ್ರಭುತ್ವದ ನೀತಿಯ ಭಾಗವಾಗಿದೆ. ಅದನ್ನು ವೈಯಕ್ತಿಕ ದುಶ್ಚಟವೆಂದಷ್ಟೇ ಕಾಣುವುದು ಚರಿತ್ರೆಗೆ ಮಾಡುವ ಅನ್ಯಾಯ. ಎರಡನೆಯದಾಗಿ, ಮದ್ಯವು ಭಯವನ್ನು ಮರೆಸುವಷ್ಟೇ ಸುಲಭವಾಗಿ ವ್ಯಥೆಯನ್ನು ಮರೆಮಾಡುತ್ತದೆ. ಆದ್ದರಿಂದ ಕುಡಿತ ಗೌರವದ್ದಾಗಿರುವ ಕಡೆ ವ್ಯಥೆ ಕಣ್ಣಿಗೆ ಬೀಳುವುದಿಲ್ಲ. ಮೂರನೆಯದಾಗಿ, ವೀರನನ್ನು ಸ್ಮರಿಸುವ ನಮ್ಮ ಪದ್ಧತಿಗಳು ಸತ್ತವನ ಕಡೆಗೆ ಮುಖ ಮಾಡಿವೆ, ಬದುಕಿದವನ ಕಡೆಗಲ್ಲ.

ಕೊಡಗು, ಬೆಳಗಾವಿ, ಬೆಂಗಳೂರುಗಳು ಸೈನಿಕವೃತ್ತಿಗೆ ಹೆಸರಾದ ಪ್ರದೇಶಗಳು. ಪುಣೆ, ಸಿಕಂದರಾಬಾದು, ದೆಹಲಿಗಳಲ್ಲಿ ಸೇವೆ ಸಲ್ಲಿಸಿ ಅಲ್ಲಲ್ಲೇ ನೆಲಸಿದ ಕನ್ನಡಿಗ ಮಾಜಿ ಸೈನಿಕರಿದ್ದಾರೆ. ಅವರ ಪತ್ರಗಳು, ದಿನಚರಿಗಳು, ಅವರ ಮಡದಿಯರ ನೆನಪುಗಳು ಸಂಗ್ರಹವಾಗಬೇಕಾದ ಸಾಮಗ್ರಿ. ಹೊರನಾಡಿನ ಕನ್ನಡ ಅಧ್ಯಯನ ಪೀಠಗಳಿಗೆ ಇದಕ್ಕಿಂತ ಹತ್ತಿರದ ಕ್ಷೇತ್ರಕಾರ್ಯ ಬೇರೊಂದಿಲ್ಲ. ಇದನ್ನು ಸಂಗ್ರಹಿಸುವಾಗ ಸಂಶೋಧಕರು ಒಂದು ಎಚ್ಚರವನ್ನು ಪಾಲಿಸಬೇಕು. ಯುದ್ಧದ ಸಾಹಸವನ್ನು ಕೇಳಿ ಬರೆದುಕೊಳ್ಳುವುದು ಸುಲಭ. ಯುದ್ಧದ ಬಳಿಕದ ರಾತ್ರಿಗಳ ಬಗೆಗೆ ಕೇಳಲು ತಾಳ್ಮೆ ಬೇಕು, ಹೇಳಿದ್ದನ್ನು ಕಾಪಾಡಲು ವಿಶ್ವಾಸ ಬೇಕು. ಹೋವೆಲನಂತೆ ಕವಿತೆಯಲ್ಲಿ ನಿಷ್ಠೆಯನ್ನು ಅಳೆಯುವವರು ನಾವಾಗಬಾರದು.

ಹ್ಯುಯೆನ್‌ತ್ಸಾಂಗನು ಕಂಡ ಸೇನಾನಾಯಕನಿಗೆ ಅವನ ರಾಜ್ಯ ಒಂದು ಸೀರೆಯನ್ನು ಕೊಟ್ಟು ಸುಮ್ಮನಾಯಿತು. ಅವನ ಮಾತನ್ನು ಕೇಳುವವರು ಇದ್ದಿದ್ದರೆ ಅವನು ಉಳಿಯುತ್ತಿದ್ದನೇ ಎಂಬುದು ಚರಿತ್ರೆ ಉತ್ತರಿಸುವ ಪ್ರಶ್ನೆಯಲ್ಲ. ನಮ್ಮ ಕಾಲದ ಸೈನಿಕನ ಮಾತನ್ನು ಕೇಳುವವರು ಇರಬೇಕೆಂಬುದು ಮಾತ್ರ ಚರಿತ್ರೆ ಕಲಿಸುವ ಪಾಠವೇ ಆಗಿದೆ.